ತೊಗಲು ಗೊಂಬೆಗೆ ಯಾವ ದೀಪ?



ಹಗಲೆಲ್ಲ ಹೊಲದಲ್ಲಿ ದುಡಿದಿದ್ದೀರಿ. ಮನೆಗೆ ಬಂದು ಒಲೆ ಹೊತ್ತಿಸಿದ್ದೀರಿ. ಮಕ್ಕಳಿಗೆ ಉಣ್ಣಲು ಇಟ್ಟು ಇಲ್ಲಿಗೆ ಬಂದಿದ್ದೀರಿ. ಬಹಳ ಸಂತೋಷ. ಇವತ್ತು ನಾವು ಬೆಳಕಿನ ಮಾತು ಆಡೋಣ. ಬೆಳಕು ಅಂದರೆ ಬರೀ ಮನೆಯ ದೀಪ ಅಲ್ಲ. ತೊಗಲು ಗೊಂಬೆಯಾಟದ ದೀಪ.

ಇದೇನು, ಆಟದ ದೀಪದ ಬಗ್ಗೆ ಭಾಷಣವೇ ಅಂತ ನಗಬೇಡಿ. ನಿಮ್ಮ ಸಂಘದವರು ಊರಿಗೆ ಗೊಂಬೆಯಾಟ ಕರೆಸುತ್ತೀರಿ ಅಂತ ಇಟ್ಟುಕೊಳ್ಳಿ. ವೀಳ್ಯ ಕೊಟ್ಟು ಬರುತ್ತೀರಿ. ಮೇಳದವರ ಊಟಕ್ಕೆ ಅಕ್ಕಿ ಬೇಳೆ ಕೂಡಿಸುತ್ತೀರಿ. ಎಲ್ಲ ಆದ ಮೇಲೆ ಯಾರೋ ಒಬ್ಬರು ಕೇಳುತ್ತಾರೆ, "ಲೈಟಿಗೆ ಏನು ಮಾಡ್ತೀರಿ?" ಆಗ ಎಲ್ಲರೂ ಗಂಡಸರ ಮುಖ ನೋಡುತ್ತೇವೆ. ಲೈಟಿನ ಸಾಮಾನು ಬಾಡಿಗೆ ಕೊಡುವವನು ಬರುತ್ತಾನೆ. ತನ್ನ ಹತ್ತಿರ ಏನಿದೆಯೋ ಅದನ್ನು ಕಟ್ಟಿ ಹೋಗುತ್ತಾನೆ.

ಬೆಳಕು ತಪ್ಪಿದರೆ ಆಟ ಕೆಡುತ್ತದೆ. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಆದರೆ ಬೆಳಕು ತಪ್ಪಿದರೆ ಗೊಂಬೆಯೂ ಕೆಡುತ್ತದೆ. ಅಜ್ಜನ ಕಾಲದ ಗೊಂಬೆ ಮೊಮ್ಮಗಳ ಕೈಗೆ ಬಂದಿರುತ್ತದೆ. ಅದು ಸುರುಟಿ ಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ. ಕೆಲವು ಸಲ ಜೀವಕ್ಕೇ ಅಪಾಯ ಬರುತ್ತದೆ. ಅದಕ್ಕೇ ಈ ಮಾತು.

ಇದು ಬೆಳಕಿನ ಆಟ

ತೊಗಲು ಗೊಂಬೆ ನೀವು ನೋಡಿರಬಹುದು. ಬಳ್ಳಾರಿ, ಕೊಪ್ಪಳದ ಕಡೆಯವರಂತೂ ನೋಡಿಯೇ ಇರುತ್ತೀರಿ. ಮೇಕೆಯ ಚರ್ಮವನ್ನು ಹದ ಮಾಡುತ್ತಾರೆ. ಕೂದಲು ತೆಗೆದು, ಹೆರೆದು ಹೆರೆದು ತೆಳ್ಳಗೆ ಮಾಡುತ್ತಾರೆ. ಎಷ್ಟು ತೆಳ್ಳಗೆ? ಆ ಕಡೆ ದೀಪ ಇಟ್ಟರೆ ಈ ಕಡೆ ಬೆಳಕು ಕಾಣಬೇಕು, ಅಷ್ಟು ತೆಳ್ಳಗೆ. ಅದರ ಮೇಲೆ ರಾಮ, ಸೀತೆ, ಹನುಮಂತ, ರಾವಣ ಎಲ್ಲರನ್ನೂ ಬರೆಯುತ್ತಾರೆ. ಕೆಂಪು, ಹಸಿರು, ಕಪ್ಪು ಬಣ್ಣ ಹಚ್ಚುತ್ತಾರೆ. ಒಡವೆ ಇರುವ ಕಡೆ ಉಳಿಯಿಂದ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ಆ ತೂತಿನಿಂದ ಬೆಳಕು ಬಂದಾಗ ಸೀತಮ್ಮನ ಸರ ಮಿನುಗುತ್ತದೆ.

ಮುಂದೆ ಬಿಳಿ ಪಂಚೆಯ ಪರದೆ. ಉಳಿದ ಮೂರು ಕಡೆ ಕರಿ ಕಂಬಳಿ. ಒಳಗೆ ದೀಪ. ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಹೊರಗೆ ಕತ್ತಲಲ್ಲಿ ನಾವು. ಮೊದಲು ಗಣಪತಿ ಬರುತ್ತಾನೆ. ಆಮೇಲೆ ಕಿಳ್ಳೇಕ್ಯಾತ ಬರುತ್ತಾನೆ, ಅವನ ಹೆಂಡತಿ ಬಂಗಾರಕ್ಕ ಬರುತ್ತಾಳೆ. ಇಬ್ಬರೂ ಜಗಳ ಆಡಿ ನಗಿಸುತ್ತಾರೆ. ಆಮೇಲೆ ರಾಮಾಯಣ, ಮಹಾಭಾರತ. ರಾತ್ರಿಯೆಲ್ಲ ಆಟ.

ಈ ಆಟ ಆಡಿಸುವವರು ಕಿಳ್ಳೇಕ್ಯಾತರು ಅಥವಾ ಶಿಳ್ಳೇಕ್ಯಾತರು. ಮನೆಮಂದಿಯೆಲ್ಲ ಸೇರಿ ಆಡಿಸುತ್ತಾರೆ. ಹೆಂಗಸರು ಬರೀ ಅಡುಗೆಗೆ ಹೋಗುವುದಿಲ್ಲ. ಹಾಡುತ್ತಾರೆ, ಸೀತೆಗೆ ಮಾತು ಕೊಡುತ್ತಾರೆ, ಗೊಂಬೆಯನ್ನೂ ಆಡಿಸುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಕೇಳಿದ್ದೀರಾ? ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಹಳ್ಳಿಯ ಒಬ್ಬ ಹೆಣ್ಣುಮಗಳು ತೊಗಲಿನ ಗೊಂಬೆ ಹಿಡಿದು ದೇಶ ವಿದೇಶ ಸುತ್ತಿದರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಗೊಂಬೆಗಳಿಂದ ಸ್ವಾತಂತ್ರ್ಯ ಹೋರಾಟದ ಕಥೆ ಹೇಳಿದರು. ಅವರು 2023ರಲ್ಲಿ ತೀರಿಕೊಂಡರು.

ಈ ಆಟಕ್ಕೆ ಗೊಂಬೆ ಎಷ್ಟು ಮುಖ್ಯವೋ ಬೆಳಕೂ ಅಷ್ಟೇ ಮುಖ್ಯ. ಗೊಂಬೆಯನ್ನು ಹಗಲಲ್ಲಿ ಗೋಡೆಗೆ ತೂಗು ಹಾಕಿ ನೋಡಿ. ಅದು ಬರೀ ಚರ್ಮ. ಹಿಂದೆ ದೀಪ ಹಚ್ಚಿ ನೋಡಿ. ಜೀವ ಬರುತ್ತದೆ.

ಪಂಜಿನಿಂದ ಬಲ್ಬಿನವರೆಗೆ

ಹಿಂದಿನ ಕಾಲದಲ್ಲಿ ಕರೆಂಟು ಇರಲಿಲ್ಲ. ಪಂಜು ಹಿಡಿಯುತ್ತಿದ್ದರು. ಹರಳೆಣ್ಣೆ, ಹೊಂಗೆ ಎಣ್ಣೆಯ ದೀಪ ಹಚ್ಚುತ್ತಿದ್ದರು. ಎಣ್ಣೆ ದೀಪಕ್ಕೆ ಒಂದು ಗುಣ ಇದೆ. ಅದರ ಉರಿ ಸುಮ್ಮನೆ ನಿಲ್ಲುವುದಿಲ್ಲ. ಗಾಳಿ ಬಂದರೆ ಅಲುಗುತ್ತದೆ. ಉರಿ ಅಲುಗಿದರೆ ಪರದೆಯ ಮೇಲೆ ಗೊಂಬೆಯೂ ಅಲುಗುತ್ತದೆ. ನೋಡುವವರಿಗೆ ಗೊಂಬೆ ಉಸಿರಾಡಿದಂತೆ ಕಾಣುತ್ತದೆ.

ಆದರೆ ತೊಂದರೆಯೂ ಇತ್ತು. ಹೊಗೆ. ಮೂರು ಕಡೆ ಕಂಬಳಿ, ಒಳಗೆ ದೀಪ. ಹಾಡುವವರು ರಾತ್ರಿಯೆಲ್ಲ ಆ ಹೊಗೆ ಕುಡಿಯಬೇಕು. ಒಲೆಯ ಮುಂದೆ ಕೂತ ನಮಗೆ ಹೊಗೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ಲವೇ? ಬತ್ತಿ ಆಗಾಗ ಮುಂದಕ್ಕೆ ತಳ್ಳಬೇಕು. ಎಣ್ಣೆ ಹೊಯ್ಯಬೇಕು. ಅದಕ್ಕೇ ಒಬ್ಬರು ಬೇಕು.

ಆಮೇಲೆ ಗ್ಯಾಸ್ ಲೈಟು ಬಂತು. ಅದೇ ಪೆಟ್ರೋಮ್ಯಾಕ್ಸ್. ಸೀಮೆಎಣ್ಣೆ ಹಾಕಿ, ಪಂಪು ಹೊಡೆದು, ಮ್ಯಾಂಟಲ್ ಹೊತ್ತಿಸುವುದು. ಬೆಳಕು ಚೆನ್ನಾಗಿತ್ತು. ಸುಯ್ ಅಂತ ಸದ್ದೂ ಇತ್ತು. ಅದರ ಶಾಖ ಮಾತ್ರ ಬಹಳ. ಆಮೇಲೆ ಕರೆಂಟಿನ ಬಲ್ಬು ಬಂತು. ಈಗ ಎಲ್ ಇ ಡಿ ಬಲ್ಬು ಬಂದಿದೆ.

ನಮ್ಮ ನೆರೆಯ ಕೇರಳದಲ್ಲಿ ಇನ್ನೊಂದು ಕ್ರಮ ಇದೆ. ಅಲ್ಲಿ ಪಾಲಕ್ಕಾಡಿನ ಕಡೆ ಭದ್ರಕಾಳಿ ಗುಡಿಗಳಲ್ಲಿ ತೋಲ್ಪಾವಕೂತ್ತು ಅಂತ ಆಡುತ್ತಾರೆ. ತೆಂಗಿನಕಾಯಿ ಹೋಳಿನಲ್ಲಿ ಎಣ್ಣೆ, ಬತ್ತಿ ಹಾಕುತ್ತಾರೆ. ಅಂಥ 21 ದೀಪಗಳನ್ನು ಸಾಲಾಗಿ ಇಡುತ್ತಾರೆ. ಅವರ ಗೊಂಬೆಯ ಚರ್ಮ ದಪ್ಪ. ಬೆಳಕು ಅದರೊಳಗಿನಿಂದ ಹಾಯುವುದಿಲ್ಲ. ಪರದೆಯ ಮೇಲೆ ಕಪ್ಪು ನೆರಳು ಬೀಳುತ್ತದೆ. ಕಪ್ಪು ನೆರಳಿಗೆ ಸಣ್ಣ ಬೆಳಕು ಸಾಕು. ನಮ್ಮ ಗೊಂಬೆಯ ಚರ್ಮ ತೆಳು. ಬಣ್ಣವೇ ಪರದೆಯ ಮೇಲೆ ಕಾಣಬೇಕು. ಅದಕ್ಕೆ ಹೆಚ್ಚು ಬೆಳಕು ಬೇಕು.

ಇಲ್ಲಿ ಒಂದು ಪಾಠ ಇದೆ. ದೀಪ ಯಾವುದು ಅಂತ ಕೇಳುವ ಮೊದಲು ಗೊಂಬೆ ಎಂಥದು ಅಂತ ಕೇಳಬೇಕು.

ಬೆಳಕಿನ ನಾಲ್ಕು ಗುಣ

ಸೀರೆ ಕೊಳ್ಳುವಾಗ ನಾವು ಏನು ನೋಡುತ್ತೇವೆ? ಬಣ್ಣ ನೋಡುತ್ತೇವೆ. ಅಂಚು ನೋಡುತ್ತೇವೆ. ಬಾಳಿಕೆ ನೋಡುತ್ತೇವೆ. ಬೆಲೆ ನೋಡುತ್ತೇವೆ. ಹಾಗೆಯೇ ಗೊಂಬೆಯ ದೀಪದಲ್ಲಿ ನಾಲ್ಕು ಗುಣ ನೋಡಬೇಕು.

ಮೊದಲನೆಯದು, ದೀಪದ ಗಾತ್ರ. ದೀಪ ಚಿಕ್ಕದಾಗಿದ್ದರೆ ನೆರಳಿನ ಅಂಚು ಚೊಕ್ಕವಾಗಿ ಕಾಣುತ್ತದೆ. ದೀಪ ಉದ್ದ ಅಥವಾ ಅಗಲ ಇದ್ದರೆ ಅಂಚು ಮಸುಕಾಗುತ್ತದೆ. ಮನೆಯ ಟ್ಯೂಬ್ ಲೈಟಿನ ಕೆಳಗೆ ಗೋಡೆಗೆ ಕೈ ಹಿಡಿದು ನೋಡಿ. ಬೆರಳಿನ ನೆರಳು ಸರಿಯಾಗಿ ಕಾಣುವುದಿಲ್ಲ. ಮೊಬೈಲಿನ ಟಾರ್ಚು ಹಚ್ಚಿ ನೋಡಿ. ಐದು ಬೆರಳೂ ಎಣಿಸಬಹುದು. ಅದಕ್ಕೇ ಗೊಂಬೆಯಾಟಕ್ಕೆ ಟ್ಯೂಬ್ ಲೈಟು ಬೇಡ.

ಎರಡನೆಯದು, ದೂರ. ದೀಪ ಹತ್ತಿರ ಇದ್ದರೆ ಬೆಳಕು ಜಾಸ್ತಿ. ದೂರ ಹೋದರೆ ಕಡಿಮೆ. ಇದು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಕಡಿಮೆ? ಒಂದು ಮೊಳ ದೂರದ ದೀಪವನ್ನು ಎರಡು ಮೊಳಕ್ಕೆ ಸರಿಸಿದರೆ ಬೆಳಕು ಅರ್ಧ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಧ ಅಲ್ಲ. ಸುಮಾರು ಕಾಲು ಭಾಗ ಆಗುತ್ತದೆ. ದೀಪ ದೂರ ಹೋದಷ್ಟೂ ಬೆಳಕು ನಾಲ್ಕೂ ಕಡೆ ಹರಡಿ ತೆಳುವಾಗುತ್ತದೆ. ಹಾಗಾಗಿ ಬೆಳಕು ಸಾಲದಿದ್ದರೆ ದೊಡ್ಡ ಬಲ್ಬು ತರುವ ಮೊದಲು ಇದ್ದ ಬಲ್ಬನ್ನು ಒಂದು ಗೇಣು ಹತ್ತಿರ ಸರಿಸಿ ನೋಡಿ. ದುಡ್ಡು ಉಳಿಯುತ್ತದೆ.

ಗೊಂಬೆಯ ದೂರವನ್ನೂ ನೋಡಬೇಕು. ಗೊಂಬೆ ಪರದೆಗೆ ತಾಗಿದ್ದರೆ ಬಣ್ಣ, ಗೆರೆ ಎಲ್ಲ ಚೆನ್ನಾಗಿ ಕಾಣುತ್ತದೆ. ಪರದೆ ಬಿಟ್ಟು ಹಿಂದೆ ಸರಿದರೆ ನೆರಳು ದೊಡ್ಡದಾಗುತ್ತದೆ, ಮಸುಕೂ ಆಗುತ್ತದೆ. ಬೇಕೆಂದೇ ಹೀಗೆ ಮಾಡುವುದೂ ಉಂಟು. ಹನುಮಂತ ಬೆಳೆದು ದೊಡ್ಡವನಾಗಬೇಕಾದರೆ ಗೊಂಬೆಯನ್ನು ಮೆಲ್ಲಗೆ ದೀಪದ ಕಡೆಗೆ ಸರಿಸಿದರೆ ಸಾಕು.

ಮೂರನೆಯದು, ಬಣ್ಣ. ಎಣ್ಣೆ ದೀಪದ ಬೆಳಕು ಹಳದಿ. ಹಳೆಯ ಬಲ್ಬಿನ ಬೆಳಕೂ ಹಳದಿಯೇ. ಹಳದಿ ಬೆಳಕಿನಲ್ಲಿ ಕೆಂಪು, ಕೇಸರಿ ಬಣ್ಣ ತುಂಬಿಕೊಂಡು ಕಾಣುತ್ತವೆ. ನೀಲಿ ಬಣ್ಣ ಸ್ವಲ್ಪ ಮಂಕಾಗುತ್ತದೆ. ಬೆಳ್ಳನೆಯ ಬೆಳಕಿನಲ್ಲಿ ನೀಲಿ, ಹಸಿರು ಚೆನ್ನಾಗಿ ಕಾಣುತ್ತವೆ. ಆದರೆ ಕೆಂಪಿನ ಕಾವು ಹೋಗುತ್ತದೆ. ಹಳೆಯ ಗೊಂಬೆಗಳ ಬಣ್ಣ ಹಚ್ಚಿದವರು ದೀಪದ ಬೆಳಕನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಹಚ್ಚಿದವರು. ಅದಕ್ಕೆ ಹಳದಿ ಬೆಳಕೇ ಒಪ್ಪುತ್ತದೆ.

ನಾಲ್ಕನೆಯದು, ಕಾವು. ಇದನ್ನು ಎಲ್ಲಕ್ಕಿಂತ ಹೆಚ್ಚು ನೆನಪಿಡಿ. ತೊಗಲು ಅಂದರೆ ಚರ್ಮ. ಚರ್ಮಕ್ಕೆ ಕಾವು ತಾಗಿದರೆ ಒಣಗುತ್ತದೆ, ಸುರುಟುತ್ತದೆ, ಸೀಳುತ್ತದೆ. ಹಳೆಯ ಬಲ್ಬು ತಿನ್ನುವ ಕರೆಂಟಿನ ನೂರು ಪಾಲಿನಲ್ಲಿ ಹತ್ತು ಪಾಲೂ ಬೆಳಕಾಗುವುದಿಲ್ಲ. ಉಳಿದದ್ದೆಲ್ಲ ಶಾಖ. ಹ್ಯಾಲೊಜೆನ್ ಲೈಟಿನ ಶಾಖವಂತೂ ಕೇಳಲೇಬೇಡಿ.

ಅಜ್ಜಿ ಹೇಳಿದ ಮಾತು

ನಾವು ಒಂದು ಊರಿಗೆ ಹೋಗಿದ್ದೆವು. ಸುಗ್ಗಿ ಮುಗಿದಿತ್ತು. ಸಂಘದ ಹೆಂಗಸರು ಗೊಂಬೆಯವರನ್ನು ಕರೆಸಿದ್ದರು. ಮೇಳದಲ್ಲಿ ಒಬ್ಬ ಅಜ್ಜಿ ಇದ್ದಳು. ಲೈಟಿನವನು ಸಾಮಾನು ಇಳಿಸಿದ.

"ಅಜ್ಜೀ, 500 ವ್ಯಾಟಿನ ಹ್ಯಾಲೊಜೆನ್ ಹಾಕ್ತೀನಿ. ಹಗಲು ಆದಂಗೆ ಆಗ್ತದೆ" ಅಂದ.

"ಹಗಲು ಬೇಕಾಗಿದ್ರೆ ಹಗಲಿಗೇ ಆಡ್ತಿದ್ವಿ ತಮ್ಮಾ. ನಮಗೆ ಕತ್ತಲೂ ಬೇಕು" ಅಂದಳು ಅಜ್ಜಿ.

ಅವನು ನಕ್ಕ. "ನಿನಗೆ ಲೈಟಿನ ವಿಷಯ ಏನು ಗೊತ್ತಜ್ಜೀ?" ಅಂದ.

ಅಜ್ಜಿ ಮಾತಾಡಲಿಲ್ಲ. ಬಿದಿರಿನ ಪೆಟ್ಟಿಗೆ ಬಿಚ್ಚಿದಳು. ಒಂದು ಗೊಂಬೆ ತೆಗೆದಳು. ಸೀತೆಯ ಗೊಂಬೆ. ಅದರ ಬಲಗೈ ಒಣಗಿದ ಎಲೆಯ ಹಾಗೆ ಮುದುಡಿತ್ತು.

"ಹೋದ ವರ್ಷ ಒಂದು ಊರಾಗ ಹಿಂಗೇ ಲೈಟು ಹಾಕಿದ್ರು. ಒಂದೇ ರಾತ್ರಿ. ನೋಡು ಸೀತಮ್ಮನ ಕೈ. ಇದು ನಮ್ಮ ಅತ್ತೆಯ ಕಾಲದ ಗೊಂಬಿ. ಈಗ ಈ ಕೈ ಬಾಗೋದಿಲ್ಲ. ರಾಮಗೆ ಕೈ ಮುಗಿಯೋದು ಹ್ಯಾಂಗ?"

ಲೈಟಿನವನು ಸುಮ್ಮನಾದ. ಅಲ್ಲಿದ್ದ ಹೆಂಗಸರು ಆ ಗೊಂಬೆಯನ್ನು ಕೈಯಿಂದ ಕೈಗೆ ದಾಟಿಸಿದರು. ಯಾರೂ ಮಾತಾಡಲಿಲ್ಲ. ಆಮೇಲೆ ಸಂಘದ ಒಬ್ಬಾಕೆ ಎದ್ದಳು. "ನಮ್ಮ ಮನೆಯಲ್ಲಿ ಎಲ್ ಇ ಡಿ ಬಲ್ಬು ಇದೆ, ಅದು ಕಾಯುವುದಿಲ್ಲ. ಅದನ್ನು ಹಾಕಿ ನೋಡೋಣ" ಅಂದಳು. ಹಾಕಿ ನೋಡಿದರು. ಬೆಳಕು ಬಹಳ ಬೆಳ್ಳಗಿತ್ತು. ಅಜ್ಜಿ ತಲೆ ಆಡಿಸಿದಳು. "ಹಾಲು ಚೆಲ್ಲಿದಂಗ ಆತು. ಹಳದಿ ಬೇಕು" ಅಂದಳು. ಆ ಹೆಂಗಸರು ಅಂಗಡಿಗೆ ಹೋದರು. ಬಲ್ಬಿನ ಪೆಟ್ಟಿಗೆ ಓದಿದರು. ಹಳದಿ ಬೆಳಕಿನ ಎರಡು ಬಲ್ಬು ತಂದರು. ಆ ರಾತ್ರಿ ಕೋಳಿ ಕೂಗುವವರೆಗೆ ಆಟ ನಡೆಯಿತು. ಬೆಳಿಗ್ಗೆ ಗೊಂಬೆಗಳು ಪೆಟ್ಟಿಗೆಗೆ ಹೋದಾಗ ಒಂದೂ ಮುದುಡಿರಲಿಲ್ಲ.

ಪೆಟ್ಟಿಗೆಯ ಮೇಲೆ ಏನು ಬರೆದಿದೆ?

ಅವರು ಏನು ಓದಿದರು? ಬಲ್ಬಿನ ಪೆಟ್ಟಿಗೆಯ ಮೇಲೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹೆದರಬೇಡಿ. ಅಂಕಿ ಓದಲು ಬಂದರೆ ಅರ್ಧ ಗೆದ್ದಂತೆ.

ಒಂದು ಕಡೆ 9 ಅಥವಾ 12 ಅಂತ ಇರುತ್ತದೆ. ಪಕ್ಕದಲ್ಲಿ ಡಬ್ಲ್ಯು ಅಕ್ಷರ ಇರುತ್ತದೆ. ಅದು ವ್ಯಾಟ್. ಬಲ್ಬು ಎಷ್ಟು ಕರೆಂಟು ತಿನ್ನುತ್ತದೆ ಅಂತ ಅದು ಹೇಳುತ್ತದೆ. 9 ವ್ಯಾಟಿನ ಎಲ್ ಇ ಡಿ ಬಲ್ಬು ಸುಮಾರು 60 ವ್ಯಾಟಿನ ಹಳೆಯ ಬಲ್ಬಿನಷ್ಟು ಬೆಳಕು ಕೊಡುತ್ತದೆ.

ಇನ್ನೊಂದು ಕಡೆ 2700, 3000 ಅಥವಾ 6500 ಅಂತ ಇರುತ್ತದೆ. ಪಕ್ಕದಲ್ಲಿ ಕೆ ಅಕ್ಷರ ಇರುತ್ತದೆ. ಅದು ಬೆಳಕಿನ ಬಣ್ಣ. 2700 ಅಥವಾ 3000 ಇದ್ದರೆ ಹಳದಿ ಬೆಳಕು. 6500 ಇದ್ದರೆ ಬೆಳ್ಳನೆಯ ಬೆಳಕು. ಅಂಗಡಿಯವನು ಹಳದಿಗೆ ವಾರ್ಮ್ ವೈಟ್ ಅನ್ನುತ್ತಾನೆ. ನೀವು ಅಂಕಿ ತೋರಿಸಿ ಕೇಳಿ. "3000 ಇರುವುದು ಕೊಡಪ್ಪಾ" ಅನ್ನಿ. ಕೊಡುವ ಮೊದಲು ಹಚ್ಚಿ ತೋರಿಸು ಅನ್ನಿ. ದುಡ್ಡು ನಮ್ಮದು, ಕೇಳಲು ನಾಚಿಕೆ ಯಾಕೆ?

ಈಗ ಒಂದು ಲೆಕ್ಕ ಮಾಡೋಣ. ಪೆನ್ಸಿಲು ತೆಗೆದುಕೊಳ್ಳಿ. 1000 ವ್ಯಾಟು ಒಂದು ತಾಸು ಉರಿದರೆ ಒಂದು ಯೂನಿಟ್ಟು. ಆಟ 8 ತಾಸು ನಡೆಯುತ್ತದೆ ಅಂತ ಇಟ್ಟುಕೊಳ್ಳಿ.

500 ವ್ಯಾಟಿನ ಒಂದು ಹ್ಯಾಲೊಜೆನ್: 500 × 8 = 4000. ಅಂದರೆ 4 ಯೂನಿಟ್ಟು.

100 ವ್ಯಾಟಿನ ಎರಡು ಹಳೆಯ ಬಲ್ಬು: 200 × 8 = 1600. ಅಂದರೆ ಒಂದೂವರೆ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು.

14 ವ್ಯಾಟಿನ ಎರಡು ಎಲ್ ಇ ಡಿ ಬಲ್ಬು: 28 × 8 = 224. ಅಂದರೆ ಕಾಲು ಯೂನಿಟ್ಟೂ ಆಗಲಿಲ್ಲ.

ನೋಡಿದಿರಾ? ಗೊಂಬೆಯೂ ಉಳಿಯಿತು, ಕರೆಂಟೂ ಉಳಿಯಿತು. ಇಷ್ಟು ಕಡಿಮೆ ಸಾಕು ಅಂದ ಮೇಲೆ ಬ್ಯಾಟರಿಯಲ್ಲಿ ಉರಿಯುವ ಎಲ್ ಇ ಡಿ ದೀಪವೂ ನಡೆಯುತ್ತದೆ. ಕರೆಂಟು ಹೋದರೆ ರಾವಣ ಅರ್ಧಕ್ಕೇ ನಿಲ್ಲುವುದಿಲ್ಲ.

ದೀಪ ಎಲ್ಲಿ ಕಟ್ಟಬೇಕು?

ಬಲ್ಬು ತಂದರೆ ಆಗಲಿಲ್ಲ. ಕಟ್ಟುವ ಜಾಗ ಸರಿ ಇರಬೇಕು.

ದೀಪ ಆಡಿಸುವವರ ಬೆನ್ನ ಹಿಂದೆ ಇದ್ದರೆ ಅವರ ನೆರಳೇ ಪರದೆಯ ಮೇಲೆ ಬೀಳುತ್ತದೆ. ರಾಮನ ಜೊತೆ ನಮ್ಮ ತುರುಬೂ ಕಾಣುತ್ತದೆ. ಅದಕ್ಕೆ ದೀಪ ಆಡಿಸುವವರ ಮುಂದೆ, ತಲೆಗಿಂತ ಮೇಲೆ ಇರಬೇಕು.

ಪರದೆಯ ಮೇಲಂಚಿಗಿಂತ ತುಸು ಮೇಲೆ ಕಟ್ಟಿ. ಆ ಜಾಗದಲ್ಲಿ ಮುಂದೆ ಒಂದು ಕಂಬಳಿ ಅಡ್ಡ ಬರಲಿ. ಇಲ್ಲದಿದ್ದರೆ ಬಲ್ಬೇ ಪಂಚೆಯೊಳಗಿಂದ ಕೆಂಡದ ಹಾಗೆ ಕಾಣುತ್ತದೆ. ನೋಡುವವರ ಕಣ್ಣು ಕುಕ್ಕುತ್ತದೆ. ಕಂಬಳಿ ಬಲ್ಬಿಗೆ ತಾಗಬಾರದು. ಒಂದು ಮೊಳ ದೂರ ಇರಲಿ.

ಪರದೆಯ ಮೇಲ್ಭಾಗ ಸ್ವಲ್ಪ ಜನರ ಕಡೆಗೆ ಬಾಗಿರಲಿ. ಆಗ ಗೊಂಬೆ ಪಂಚೆಗೆ ಒರಗಿ ನಿಲ್ಲುತ್ತದೆ. ಪಂಚೆ ಬಿಗಿಯಾಗಿರಲಿ. ಸುಕ್ಕು ಇದ್ದರೆ ಸೀತೆಯ ಮುಖದಲ್ಲೂ ಸುಕ್ಕು.

ಬಲ್ಬು ಒಂದೋ, ಎರಡೋ? ಪರದೆ ಅಗಲ ಇದ್ದರೆ ಒಂದು ಬಲ್ಬಿನ ಬೆಳಕು ಅಂಚಿಗೆ ಮುಟ್ಟುವುದಿಲ್ಲ. ಎರಡು ಕಟ್ಟಬಹುದು. ಆದರೆ ಎರಡು ದೀಪ ಇದ್ದಾಗ ಗೊಂಬೆ ಪರದೆ ಬಿಟ್ಟರೆ ಎರಡು ನೆರಳು ಬೀಳುತ್ತವೆ. ಒಬ್ಬ ರಾಮನಿಗೆ ಇಬ್ಬರು ರಾಮ ಆಗುತ್ತಾರೆ. ಗೊಂಬೆ ಪಂಚೆಗೆ ಒತ್ತಿ ಆಡಿಸುವುದಾದರೆ ಎರಡು ಬಲ್ಬು. ಗೊಂಬೆ ಹಿಂದೆ ಮುಂದೆ ಸರಿಸಿ ನೆರಳು ಹಿಗ್ಗಿಸುವುದಾದರೆ ಒಂದೇ ಬಲ್ಬು.

ಕಟ್ಟಿದ ಮೇಲೆ ಒಬ್ಬರು ಹೋಗಿ ಜನ ಕೂರುವ ಜಾಗದಲ್ಲಿ ಕೂತು ನೋಡಬೇಕು. ಮುಂದಿನ ಸಾಲಿನಲ್ಲಿ ಒಮ್ಮೆ, ಹಿಂದಿನ ಸಾಲಿನಲ್ಲಿ ಒಮ್ಮೆ, ಪಕ್ಕಕ್ಕೆ ಒಮ್ಮೆ. ಅಡುಗೆಗೆ ಉಪ್ಪು ನೋಡಿದ ಹಾಗೆ.

ಇನ್ನೊಂದು ಮಾತು. ಒಳಗಿನ ದೀಪ ಎಷ್ಟು ಒಳ್ಳೆಯದಿದ್ದರೂ ಹೊರಗೆ ಬೀದಿ ದೀಪ ಉರಿಯುತ್ತಿದ್ದರೆ ಆಟ ಕಾಣುವುದಿಲ್ಲ. ಬೀದಿ ದೀಪದಿಂದ ದೂರದ ಜಾಗ ಹುಡುಕಿ. ಇಲ್ಲವೇ ಆ ಒಂದು ದೀಪವನ್ನು ಆ ರಾತ್ರಿಗೆ ಆರಿಸಿ ಕೊಡಿ ಅಂತ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದೆ. ಯಾರೂ ಕಂಬ ಹತ್ತಬಾರದು. ಮಕ್ಕಳಿಗೆ ಮೊಬೈಲು ಆರಿಸಲು ಹೇಳಿ.

ಬೆಂಕಿ, ಕರೆಂಟು: ಎಚ್ಚರ

ಕೆಲವು ಊರಲ್ಲಿ ಎಣ್ಣೆ ದೀಪದಲ್ಲೇ ಆಡಬೇಕು ಅಂತ ಆಸೆ ಇರುತ್ತದೆ. ಆಡಲಿ, ಚೆಂದವೇ. ಆದರೆ ಪಂಚೆ, ಕಂಬಳಿ, ಸೆರಗು ಎಲ್ಲ ಹತ್ತಿರದಲ್ಲೇ ಇರುತ್ತವೆ. ಸೆರಗು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ನೈಲಾನ್ ಸೀರೆ ಬೇಡ. ಅದು ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಹತ್ತಿಯ ಸೀರೆ ಉಡಿ. ಎರಡು ಬಕೆಟ್ ಮರಳು ಹತ್ತಿರ ಇರಲಿ. ಎಣ್ಣೆಗೆ ಹೊತ್ತಿದ ಬೆಂಕಿಗೆ ನೀರು ಎರಚಬೇಡಿ. ಎಣ್ಣೆ ಸಿಡಿದು ಬೆಂಕಿ ಹರಡುತ್ತದೆ. ಮರಳು ಹಾಕಿ. ಹಿಂದಿನ ಕಂಬಳಿಯನ್ನು ಸ್ವಲ್ಪ ತೆರೆದಿಡಿ. ಹೊಗೆ ಹೋಗಲಿ, ಓಡಲು ದಾರಿಯೂ ಇರಲಿ.

ಗ್ಯಾಸ್ ಲೈಟು ಬಿಸಿ ಇರುವಾಗ ಅದಕ್ಕೆ ಸೀಮೆಎಣ್ಣೆ ಹಾಕಬಾರದು. ಆರಿಸಿ, ತಣಿಸಿ, ಆಮೇಲೆ ಹಾಕಬೇಕು.

ಕರೆಂಟಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕಂಬದ ತಂತಿಗೆ ಕೊಂಡಿ ಹಾಕಿ ಕರೆಂಟು ಎಳೆಯುವುದು ಬೇಡವೇ ಬೇಡ. ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ ಅದು ಪ್ರಾಣ ತೆಗೆಯುತ್ತದೆ. ಶಾಲೆಯಿಂದಲೋ, ಹತ್ತಿರದ ಮನೆಯಿಂದಲೋ ಕೇಳಿ ತೆಗೆದುಕೊಳ್ಳಿ. ಖರ್ಚು ಕೊಡಿ. ವೈರು ನಡುವೆ ಹರಿದಿರಬಾರದು. ಐ ಎಸ್ ಐ ಗುರುತಿನ ವೈರು ಇರಲಿ. ಜನ ತುಳಿಯುವ ಕಡೆ ವೈರು ಹಾಯಿಸಬೇಡಿ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡಿ. ಯಾರಿಗಾದರೂ ಕರೆಂಟು ಹೊಡೆದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ಚು ಆರಿಸಿ. ಆಗದಿದ್ದರೆ ಒಣ ಕೋಲಿನಿಂದ ವೈರನ್ನು ದೂರ ತಳ್ಳಿ.

ತೀರ್ಮಾನ ಯಾರದು?

ಅಕ್ಕ ತಂಗಿಯರೇ, ಸಂಜೆ ದೀಪ ಹಚ್ಚುವವರು ಯಾರು? ನಾವು. ಬತ್ತಿ ಹೊಸೆಯುವವರು ಯಾರು? ನಾವು. ಎಣ್ಣೆ ಎಷ್ಟು ಹೊತ್ತು ಬರುತ್ತದೆ, ಬತ್ತಿ ಎಷ್ಟು ಮುಂದಕ್ಕೆ ಇದ್ದರೆ ಹೊಗೆ ಬರುತ್ತದೆ, ಇದು ಯಾರಿಗೆ ಗೊತ್ತು? ನಮಗೇ. ಹಾಗಿದ್ದರೂ ಲೈಟಿನ ಮಾತು ಬಂದಾಗ "ನಿಮಗೇನು ಗೊತ್ತು" ಅನ್ನುತ್ತಾರೆ. ನಾವೂ ಹೌದು ಅಂದುಬಿಡುತ್ತೇವೆ.

ಹೌದು ಅನ್ನಬೇಡಿ. ಆಟ ಕರೆಸುವ ಸಭೆಯಲ್ಲಿ ಕೂತುಕೊಳ್ಳಿ. ಮೇಳದವರನ್ನು ಮೊದಲೇ ಕೇಳಿ: ನಿಮ್ಮ ಗೊಂಬೆ ದೊಡ್ಡದೋ, ಚಿಕ್ಕದೋ? ಚರ್ಮ ತೆಳುವೋ, ದಪ್ಪವೋ? ನಿಮಗೆ ಯಾವ ಬೆಳಕು ಬೇಕು? ಗೊಂಬೆ ಅವರದು. ಅದರ ಕಷ್ಟ ಸುಖ ಅವರಿಗೆ ಗೊತ್ತು. ಅವರು ಹೇಳಿದ್ದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದನ್ನು ಲೈಟಿನವನಿಗೆ ಓದಿ ಹೇಳಿ.

ಬಹಳ ಬೆಳಕು ಅಂದರೆ ಒಳ್ಳೆಯ ಬೆಳಕು ಅಲ್ಲ. ಊಟಕ್ಕೆ ಎಷ್ಟು ಉಪ್ಪೋ ಅಷ್ಟೇ ಉಪ್ಪು. ಗೊಂಬೆಗೆ ಎಷ್ಟು ಬೆಳಕೋ ಅಷ್ಟೇ ಬೆಳಕು. ಕತ್ತಲನ್ನೂ ಕಾಪಾಡಿಕೊಳ್ಳಬೇಕು. ಕತ್ತಲು ಇದ್ದರೇ ನೆರಳು, ನೆರಳು ಇದ್ದರೇ ಆಟ.

ನಮ್ಮ ಮಾತು ಇಷ್ಟೇ. ಮುಂದಿನ ಮಾತು ನಿಮ್ಮದು.

ಮಾಡಿ ನೋಡಿ

ರಾತ್ರಿ ಮನೆಯಲ್ಲಿ ಒಂದು ಬಿಳಿ ಪಂಚೆ ಕಟ್ಟಿ. ಹಿಂದೆ ಮೊಬೈಲಿನ ಟಾರ್ಚು ಹಿಡಿಯಿರಿ. ನಡುವೆ ಒಂದು ಜರಡಿ ಹಿಡಿಯಿರಿ. ಆಮೇಲೆ ಒಂದು ಹೊಂಗೆ ಎಲೆ ಹಿಡಿಯಿರಿ. ಪರದೆಗೆ ಹತ್ತಿರ ತಂದಾಗ ಏನಾಯಿತು? ದೂರ ಸರಿಸಿದಾಗ ಏನಾಯಿತು? ಎರಡು ಟಾರ್ಚು ಹಿಡಿದಾಗ ಎಷ್ಟು ನೆರಳು ಬಿದ್ದವು? ಮಕ್ಕಳ ಜೊತೆ ಕೂತು ನೋಡಿ, ಬರೆಯಿರಿ.

ಚರ್ಚೆ ಮಾಡಿ

1. ಅಜ್ಜಿ "ನಮಗೆ ಕತ್ತಲೂ ಬೇಕು" ಅಂದಳು. ಯಾಕೆ?

2. ನಿಮ್ಮ ಮನೆಯ ಬಲ್ಬು ಎಷ್ಟು ವ್ಯಾಟಿನದು? ದಿನಕ್ಕೆ ಎಷ್ಟು ತಾಸು ಉರಿಯುತ್ತದೆ? ತಿಂಗಳಿಗೆ ಎಷ್ಟು ಯೂನಿಟ್ಟು ಆಗುತ್ತದೆ? ಲೆಕ್ಕ ಮಾಡಿ.

3. ಬೀದಿ ದೀಪವನ್ನು ಒಂದು ರಾತ್ರಿ ಆರಿಸಲು ಕೇಳಿ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯಿರಿ.

4. ನಿಮ್ಮ ಊರಿನ ಹಿರಿಯರು ನೋಡಿದ ಗೊಂಬೆಯಾಟದಲ್ಲಿ ಯಾವ ದೀಪ ಇತ್ತು? ಕೇಳಿ ಬರೆಯಿರಿ.